ಎಳೆಯ ಗಂಟಲಿನ ಕಾವಲು

ಮಳೆಗಾಲ ಮೊದಲಾಗಿ ಶಾಲೆಗಳ ಬಾಗಿಲು ತೆರೆದೊಡನೆ ಪ್ರತಿಯೊಂದು ತರಗತಿಯಲ್ಲಿಯೂ ಕೆಮ್ಮು ಸೀನುಗಳ ಸದ್ದು ಕೇಳಿಬರುವುದು ಅಧ್ಯಾಪಕರೆಲ್ಲರಿಗೂ ಸುವಿದಿತವಾದ ಸಂಗತಿ. ಪುಟ್ಟ ಮಕ್ಕಳು ವರುಷಕ್ಕೆ ಆರರಿಂದ ಎಂಟು ಬಾರಿ ನೆಗಡಿಗೆ ತುತ್ತಾಗುವುದು ಸಹಜವೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಆದರೂ ತಾಯಿತಂದೆಗಳ ಮನಸ್ಸು ಆ ಮಾತಿನಿಂದ ಸಮಾಧಾನಗೊಳ್ಳುವುದಿಲ್ಲ. ಅವರು ಮಗುವಿನ ಬಾಯಿ ತೆರೆಸಿ, ಗಂಟಲಿನ ಇಕ್ಕೆಲಗಳಲ್ಲಿ ಉಬ್ಬಿನಿಂತ ಗಡ್ಡೆಗಳನ್ನು ಕಂಡು, ಸಕಲ ವ್ಯಾಧಿಗಳಿಗೂ ಇವೇ ಮೂಲವೆಂದು ನಿಶ್ಚಯಿಸಿ, ಅವನ್ನು ತೆಗೆಸಿಹಾಕುವ ಮಾತನ್ನಾಡುವುದು ಊರೂರಲ್ಲಿಯೂ ಕಂಡುಬರುತ್ತದೆ. ಹಗಲಿರುಳು ಬಾಗಿಲಲ್ಲಿ ನಿಂತು ಕಾಯುವವನ ಮೈಮೇಲೆ ಗಾಯ ಕಂಡೊಡನೆ ಅವನೇ ಕಳ್ಳನೆಂದು ನಿರ್ಣಯಿಸುವಂತಹ ತೀರ್ಮಾನವಿದು. ಎಳೆಯ ಗಂಟಲಿನ ಗ್ರಂಥಿಗಳು ಬಹುಮಟ್ಟಿಗೆ ದೊಡ್ಡದಾಗಿರುವುದು ಅವು ತಮ್ಮ ಕಾಯಕದಲ್ಲಿ ತೊಡಗಿರುವುದರಿಂದ. ಮಗುವಿನ ದೇಹವನ್ನು ಮಗುವಿನ ಅಳತೆಯಿಂದಲೇ ಅಳೆಯಬೇಕು. ದೊಡ್ಡವರ ಅಳತೆಗೋಲನ್ನು ಅಲ್ಲಿಗೆ ಒಯ್ದಾಗಲೆಲ್ಲ ವಿದ್ಯಾವಂತರೂ ದಾರಿ ತಪ್ಪಿದ್ದಾರೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳುಂಟು. ಮಕ್ಕಳನ್ನು ದಿನದ ಬಹುಭಾಗ ತಮ್ಮ ಆಶ್ರಯದಲ್ಲಿ ಇರಿಸಿಕೊಳ್ಳುವ ವಿದ್ಯಾಸಂಸ್ಥೆಗಳು ಈ ವಿಷಯವನ್ನು ವೈದ್ಯರಿಗೆ ಮಾತ್ರ ಬಿಟ್ಟು ಸುಮ್ಮನಿರುವಂತಿಲ್ಲ.

ಈ ಗಡ್ಡೆಗಳಿಗೆ ಟಾನ್ಸಿಲ್ ಎಂಬ ಹೆಸರೇ ಇಂದು ಮನೆಮಾತಾಗಿದೆ. ಕನ್ನಡದಲ್ಲಿ ಗಲಗ್ರಂಥಿಗಳೆಂದು ಕರೆಯುವುದುಂಟು. ಸುಶ್ರುತ ಸಂಹಿತೆಯು ತಾಲುವಿನ ರೋಗಗಳ ಸಾಲಿನಲ್ಲಿ ತುಂಡಿಕೇರಿ ಎಂಬ ವ್ಯಾಧಿಯನ್ನು ಹೇಳಿದೆ. ಕಾಡುಹತ್ತಿಯ ಕಾಯಿಯಂತೆ ಊದಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಇಂದಿನ ಆಯುರ್ವೇದ ವಿದ್ವಾಂಸರು ಅದನ್ನು ಟಾನ್ಸಿಲಿನ ಊತಕ್ಕೆ ಹೊಂದಿಸಿ ಹೇಳುತ್ತಾರೆ. 1884ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞರಾದ ವಾಲ್ಡೇಯರ್ ಅವರು, ಈ ಗ್ರಂಥಿಗಳು ಬಿಡಿಬಿಡಿಯಾಗಿ ಚೆದುರಿದವುಗಳಲ್ಲವೆಂದೂ ಗಂಟಲಿನ ಸುತ್ತ ಉಂಗುರದ ಆಕಾರದಲ್ಲಿ ಜೋಡಣೆಗೊಂಡಿವೆಯೆಂದೂ ತೋರಿಸಿದರು. ಬಾಯಿಯ ಹಿಂದೆ ಇಕ್ಕೆಲಗಳಲ್ಲಿ ಟಾನ್ಸಿಲುಗಳು, ಮೂಗಿನ ಹಿಂಬದಿಯಲ್ಲಿ ಅಡಿನಾಯ್ಡ್, ನಾಲಗೆಯ ಬುಡದಲ್ಲಿ ಒಂದು, ಕಿವಿಗೆ ಹೋಗುವ ನಾಳದ ಬಾಯಿಯಲ್ಲಿ ಮತ್ತೆ ಕೆಲವು. ಉಂಡ ಅನ್ನ, ಕುಡಿದ ನೀರು, ಎಳೆದ ಉಸಿರು ಇವೆಲ್ಲವೂ ದೇಹವನ್ನು ಪ್ರವೇಶಿಸುವ ಹೆಬ್ಬಾಗಿಲಿನಲ್ಲಿಯೇ ಈ ಉಂಗುರವಿರುವುದು ಆಕಸ್ಮಿಕವಲ್ಲ.

ಈ ಗ್ರಂಥಿಗಳ ಕಾರ್ಯಕ್ರಮ ಇಂತಿದೆ. ಟಾನ್ಸಿಲಿನ ಮೇಲ್ಮೈ ನುಣುಪಾಗಿರದೆ ಆಳವಾದ ಕುಳಿಗಳಿಂದ ಕೂಡಿದೆ. ಉಸಿರಿನೊಡನೆ ಬಂದ ವೈರಾಣುಗಳೂ ಇತರ ಸೂಕ್ಷ್ಮಜೀವಿಗಳೂ ಆ ಕುಳಿಗಳಲ್ಲಿ ತಂಗುತ್ತವೆ. ಅಲ್ಲಿನ ಹೊದಿಕೆಯ ಜೀವಕೋಶಗಳು ಅವುಗಳ ತುಣುಕುಗಳನ್ನು ಒಳಗೆ ಎಳೆದುಕೊಂಡು, ಒಳಗೆ ಗುಂಪುಗೂಡಿರುವ ಬಿಳಿಯ ರಕ್ತಕಣಗಳ ಮುಂದೆ ಇರಿಸುತ್ತವೆ. ಶತ್ರುವಿನ ಗುರುತು ಹಿಡಿದ ಕಣಗಳು ವೃದ್ಧಿಗೊಂಡು, ಅಂಕುರ ಕೇಂದ್ರಗಳೆಂಬ ಎಡೆಗಳಲ್ಲಿ ತಮ್ಮ ಅಸ್ತ್ರವನ್ನು ಸಲಸಲಕ್ಕೂ ಹದಗೊಳಿಸಿಕೊಳ್ಳುತ್ತವೆ. ಕೆಲವು ಕಣಗಳು ಪ್ರತಿಕಾಯಗಳನ್ನು ತಯಾರಿಸಿ ಮೂಗು ಗಂಟಲುಗಳ ಲೋಳೆಯಲ್ಲಿ ಬೆರೆಸುತ್ತವೆ. ಮತ್ತೆ ಕೆಲವು ಸ್ಮೃತಿಕಣಗಳಾಗಿ ಬಹುಕಾಲ ಉಳಿದು, ಅದೇ ಶತ್ರು ಮರಳಿ ಬಂದಾಗ ಕ್ಷಣಮಾತ್ರದಲ್ಲಿ ಎಚ್ಚರಗೊಳ್ಳುತ್ತವೆ. ಹೀಗೆ ನಡೆಯುವಾಗ ಗ್ರಂಥಿಯು ಊದಿಕೊಳ್ಳುವುದು ಸ್ವಾಭಾವಿಕ. ಪಾಠ ನಡೆದಿರುವ ತರಗತಿಯು ನಿಶ್ಶಬ್ದವಾಗಿರಬೇಕೆಂದು ಬಯಸುವವರು ಮಾತ್ರ ಈ ಊತವನ್ನು ಕಂಡು ಕೆರಳಿಯಾರು.

1930ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸ್ಕ್ಯಾಮನ್ ಅವರು ದೇಹದ ವಿವಿಧ ಅಂಗಗಳ ಬೆಳವಣಿಗೆಯನ್ನು ರೇಖೆಗಳಲ್ಲಿ ಗುರುತಿಸಿದರು. ಎತ್ತರ ತೂಕಗಳು ಒಂದು ಗತಿಯಲ್ಲಿ ಏರುತ್ತವೆ. ಮಿದುಳು ಶೈಶವದಲ್ಲಿಯೇ ಬಹುಮಟ್ಟಿಗೆ ಬೆಳೆದುಬಿಡುತ್ತದೆ. ರೋಗನಿರೋಧಕ ಅಂಗಾಂಶಗಳ ರೇಖೆಯದು ಮಾತ್ರ ಬೇರೆಯೇ ನಡೆ. ಹತ್ತು ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಅದು ವಯಸ್ಕರ ಅಳತೆಯ ಸುಮಾರು ಎರಡು ಪಟ್ಟು ಮೇಲೇರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಟಾನ್ಸಿಲ್ ಮತ್ತು ಅಡಿನಾಯ್ಡುಗಳು ಗಂಟಲಿನ ಗಾತ್ರಕ್ಕೆ ಹೋಲಿಸಿದರೆ ಅತ್ಯಂತ ದೊಡ್ಡದಾಗಿ ತೋರುವುದು ಮಗು ಶಾಲೆಗೆ ಕಾಲಿಡುವ ನಾಲ್ಕರಿಂದ ಏಳು ವರುಷಗಳ ಆಸುಪಾಸಿನಲ್ಲಿ. ಮನೆಯ ನಾಲ್ಕು ಗೋಡೆಗಳ ನಡುವೆ ಬೆಳೆದ ಕೂಸು ನೂರಾರು ಮಕ್ಕಳ ಉಸಿರಿನ ನಡುವೆ ಬಂದು ಕುಳಿತುಕೊಳ್ಳುವ ಕಾಲವೂ ಅದೇ. ಹೊಸ ವೈರಾಣುಗಳ ಪರಿಚಯವು ಹೆಚ್ಚಿದಂತೆಲ್ಲ ಅವುಗಳನ್ನು ಗುರುತಿಸುವ ಅಂಗವೂ ಹಿಗ್ಗಬೇಕಾದುದು ನ್ಯಾಯವೇ ಆಗಿದೆ.

ಕೆಳಗಿನ ಶ್ವಾಸಮಾರ್ಗದಲ್ಲಿಯೂ ಇಂತಹುದೇ ಏರ್ಪಾಡಿರುವುದು ಇತ್ತೀಚಿನ ವರುಷಗಳಲ್ಲಿ ಬೆಳಕಿಗೆ ಬಂದಿದೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರು ಅಂಗದಾನದಿಂದ ದೊರೆತ ಶ್ವಾಸಕೋಶಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ವಿಷಯವಿದು: ಶಿಶುಗಳ ಶ್ವಾಸನಾಳದ ಕವಲುಗಳ ಬಳಿಯಲ್ಲಿ ಪ್ರತಿಕಾಯಗಳನ್ನು ತಯಾರಿಸುವ ಕಣಗಳ ಗುಂಪುಗಳು ಸಂಘಟಿತವಾಗಿರುತ್ತವೆ, ಸುಮಾರು ಮೂರು ವರುಷದವರೆಗೆ ಅವು ಕಾಣಿಸಿಕೊಂಡು, ಬಳಿಕ ಮರೆಯಾಗುತ್ತವೆ, ಆರೋಗ್ಯವಂತ ವಯಸ್ಕರ ಶ್ವಾಸಕೋಶಗಳಲ್ಲಿ ಅವು ಇರುವುದಿಲ್ಲ. ಪ್ರಪಂಚದ ಗಾಳಿಯನ್ನು ಮೊಟ್ಟಮೊದಲು ಎದುರಿಸುವ ಶಿಶುವಿಗೆಂದೇ ಪ್ರಕೃತಿಯು ತಾತ್ಕಾಲಿಕವಾದ ಕಾವಲುಮನೆಗಳನ್ನು ಕಟ್ಟಿ, ಕೆಲಸ ತೀರಿದ ಮೇಲೆ ಅವನ್ನು ಕೆಡವುತ್ತದೆ. ವಯಸ್ಕರ ದೇಹವೊಂದನ್ನೇ ನೋಡುತ್ತ ಕುಳಿತಿದ್ದರೆ ಈ ಮನೆಗಳ ಸುಳಿವೇ ಸಿಗುತ್ತಿರಲಿಲ್ಲ.

2020ರಲ್ಲಿ ಲೋಕವನ್ನೇ ತಲ್ಲಣಗೊಳಿಸಿದ ಕೊರೋನಾ ಪಿಡುಗು ಈ ವಿಚಾರಕ್ಕೆ ಹೊಸ ಬೆಳಕನ್ನು ತಂದಿತು. ಮುದುಕರನ್ನು ಗುಂಪುಗುಂಪಾಗಿ ಕೊಂಡೊಯ್ದ ಆ ವ್ಯಾಧಿಯು ಬಹುಪಾಲು ಮಕ್ಕಳನ್ನು ಸೌಮ್ಯವಾಗಿ ಮುಟ್ಟಿ ಹೋದುದೇಕೆಂಬ ಪ್ರಶ್ನೆ ಎಲ್ಲರನ್ನೂ ಕಾಡಿತ್ತು. ಬರ್ಲಿನ್ ಮತ್ತು ಹೈಡೆಲ್‌ಬರ್ಗ್ ನಗರಗಳ ಸಂಶೋಧಕರು 2021ರಲ್ಲಿ ತೋರಿಸಿದಂತೆ, ಮಕ್ಕಳ ಮೂಗಿನ ಒಳಪೊರೆಯ ಜೀವಕೋಶಗಳಲ್ಲಿ ವೈರಾಣುವನ್ನು ಪತ್ತೆಹಚ್ಚುವ ಗ್ರಾಹಕಗಳು ಸೋಂಕು ತಗಲುವ ಮುನ್ನವೇ ವಯಸ್ಕರಿಗಿಂತ ಹೆಚ್ಚು ಸನ್ನದ್ಧವಾಗಿರುತ್ತವೆ. ಆದುದರಿಂದ ವೈರಾಣು ಬೇರೂರುವ ಮೊದಲೇ ಎದುರಾಟವು ಮೊದಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು ವಾಷಿಂಗ್ಟನ್ನಿನ ಮಕ್ಕಳ ಆಸ್ಪತ್ರೆಯೊಡಗೂಡಿ, ಬೇರೆ ಕಾರಣಗಳಿಗಾಗಿ ಟಾನ್ಸಿಲ್ ತೆಗೆಸಿಕೊಂಡ 110 ಮಕ್ಕಳ ಗ್ರಂಥಿಗಳನ್ನು ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ 24 ಮಕ್ಕಳಿಗೆ ಹಿಂದೆ ಕೊರೋನಾ ತಗಲಿಹೋದ ಕುರುಹುಗಳಿದ್ದವು. ಅಂತಹ ಮಕ್ಕಳ ಟಾನ್ಸಿಲ್ ಮತ್ತು ಅಡಿನಾಯ್ಡುಗಳಲ್ಲಿ ಆ ವೈರಾಣುವನ್ನೇ ಗುರುತಿಸಬಲ್ಲ ಸ್ಮೃತಿಕಣಗಳೂ, ಇನ್ನೂ ಚಟುವಟಿಕೆಯಿಂದಿದ್ದ ಅಂಕುರ ಕೇಂದ್ರಗಳೂ ಸೋಂಕು ಕಳೆದು ತಿಂಗಳುಗಳಾದ ಬಳಿಕವೂ ಉಳಿದಿದ್ದವು. ಅದೇ ಅಂಗಾಂಶದಲ್ಲಿ ವೈರಾಣುವಿನ ಅವಶೇಷಗಳೂ ದೊರೆತವೆಂಬುದನ್ನು ಮರೆಮಾಚಬಾರದು. ಕಾವಲಿನ ಠಾಣೆಯಲ್ಲಿ ಸೆರೆಯಾಳಿನ ಗುರುತು ಸಿಕ್ಕುವುದು ಅಸಹಜವೇನಲ್ಲ. ಆದರೆ ಅದರ ಪರಿಣಾಮವೇನೆಂಬುದನ್ನು ಮುಂದಿನ ಸಂಶೋಧನೆಗಳೇ ಹೇಳಬೇಕು.

ಇಷ್ಟೆಲ್ಲ ತಿಳಿವು ಕೈಗೂಡುವ ಮೊದಲು ವಿದ್ವಾಂಸರೇ ಎಂತಹ ಪ್ರಮಾದಕ್ಕೆ ಒಳಗಾಗಿದ್ದರೆಂಬುದನ್ನು ಥೈಮಸ್ ಗ್ರಂಥಿಯ ಕಥೆಯು ಸಾರುತ್ತದೆ. ಎದೆಗೂಡಿನ ಮೇಲ್ಭಾಗದಲ್ಲಿರುವ ಈ ಗ್ರಂಥಿಯು ಮಕ್ಕಳಲ್ಲಿ ದೊಡ್ಡದಾಗಿದ್ದು ವಯಸ್ಸಾದಂತೆ ಕುಗ್ಗುತ್ತದೆ. ಹಸಿವು, ದೀರ್ಘ ರೋಗಗಳಿಂದಲೂ ಅದು ಕುಗ್ಗಿಹೋಗುತ್ತದೆ. ಹಿಂದಿನ ಅಂಗರಚನಾಶಾಸ್ತ್ರಜ್ಞರು ಛೇದಿಸಿ ನೋಡುತ್ತಿದ್ದ ಶವಗಳು ಬಹುಮಟ್ಟಿಗೆ ದಟ್ಟದರಿದ್ರರವು, ರೋಗದಿಂದ ಸವೆದವರವು. ಅವುಗಳಲ್ಲಿ ಕಂಡ ಬಡಕಲು ಥೈಮಸ್ಸೇ ಸಹಜವಾದುದೆಂದು ಭಾವಿಸಿ, ಆಕಸ್ಮಿಕವಾಗಿ ತೀರಿಕೊಂಡ ಪುಷ್ಟ ಮಕ್ಕಳಲ್ಲಿ ಕಂಡ ಸಹಜ ಥೈಮಸ್ಸನ್ನು ರೋಗಗ್ರಸ್ತವೆಂದು ಅವರು ಸಾರಿದರು. 1889ರಲ್ಲಿ ವಿಯೆನ್ನಾದ ಪಾಲ್ಟಾಫ್ ಅವರು ಅದಕ್ಕೊಂದು ರೋಗದ ಹೆಸರನ್ನೂ ಕೊಟ್ಟರು. 1907ರಿಂದ ಅಮೆರಿಕದಲ್ಲಿ ಎಕ್ಸ್‌ರೇ ಕಿರಣಗಳನ್ನು ಹಾಯಿಸಿ ಮಕ್ಕಳ ಥೈಮಸ್ಸನ್ನು ಕುಗ್ಗಿಸುವ ಚಿಕಿತ್ಸೆ ಮೊದಲಾಗಿ ದಶಕಗಳ ಕಾಲ ನಡೆಯಿತು. ಹಾಗೆ ಕಿರಣಕ್ಕೊಳಗಾದ ಮಕ್ಕಳಲ್ಲಿ ಥೈರಾಯ್ಡಿನ ಕ್ಯಾನ್ಸರ್ ತಲೆದೋರುತ್ತಿರುವುದು 1950ರಲ್ಲಿ ವರದಿಯಾಯಿತು. ಥೈಮಸ್ಸಿನ ನಿಜವಾದ ಕೆಲಸವೇನೆಂಬುದನ್ನು ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಅವರು ತೋರಿಸಿಕೊಟ್ಟದ್ದು 1961ರಲ್ಲಿ. ಹುಟ್ಟಿದೊಡನೆ ಥೈಮಸ್ ತೆಗೆದ ಇಲಿಮರಿಗಳು ಸೋಂಕುಗಳನ್ನು ತಡೆಯಲಾರದೆ ಸೊರಗಿ ಸತ್ತವು. ರೋಗನಿರೋಧಕ ಕಣಗಳ ಗುರುಕುಲವನ್ನೇ ರೋಗವೆಂದು ಬಗೆದು ಸುಟ್ಟ ಆ ಐವತ್ತು ವರುಷಗಳ ಮೂಲದಲ್ಲಿದ್ದ ದೋಷ ಒಂದೇ: ಆರೋಗ್ಯವಂತ ಮಗುವಿಗೆ ಕೃಶದೇಹಿಯ ಅಳತೆಗೋಲನ್ನು ಹಿಡಿದದ್ದು.

ಟಾನ್ಸಿಲಿನ ವಿಷಯದಲ್ಲಿಯೂ ಇಂತಹುದೇ ಅಧ್ಯಾಯವಿದೆ. 1934ರಲ್ಲಿ ಅಮೆರಿಕದ ಮಕ್ಕಳ ಆರೋಗ್ಯ ಸಂಘವು ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ಓದುತ್ತಿದ್ದ ಹನ್ನೊಂದು ವರುಷದ 1000 ಮಕ್ಕಳನ್ನು ಪರೀಕ್ಷಿಸಿದ ವಿವರವನ್ನು ಹೊರತಂದಿತು. ಅವರಲ್ಲಿ 611 ಮಕ್ಕಳ ಟಾನ್ಸಿಲ್‌ಗಳನ್ನು ಅದಾಗಲೇ ತೆಗೆಯಲಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರ ಮುಂದೆ ನಿಲ್ಲಿಸಿದಾಗ 174 ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕೆಂದರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರು ನೋಡಿ 99 ಮಕ್ಕಳಿಗೆ ಬೇಕೆಂದರು. ಆಮೇಲೂ ಉಳಿದವರನ್ನು ಮತ್ತೊಮ್ಮೆ ತೋರಿಸಲಾಗಿ, ಅವರಲ್ಲಿಯೂ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳಿಗೆ ಅದೇ ಶಿಫಾರಸು ದೊರೆಯಿತು. ನೋಡುವ ಕಣ್ಣಿನಲ್ಲಿ ಮೊದಲೇ ನೆಲೆಸಿದ್ದ ನಂಬಿಕೆಯು ಮಗುವಿನ ಗಂಟಲಿಗಿಂತ ಹೆಚ್ಚಾಗಿ ತೀರ್ಪನ್ನು ನಿರ್ಧರಿಸುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಆಲಿಸನ್ ಗ್ಲೋವರ್ ಅವರು 1938ರಲ್ಲಿ ಮಂಡಿಸಿದ ಪ್ರಬಂಧವೂ ಸ್ಮರಣೀಯ. ಲಂಡನ್ ಬಳಿಯ ಹಾರ್ನ್ಸಿ ಎಂಬಲ್ಲಿ 1928ರಲ್ಲಿ ಶಾಲಾಮಕ್ಕಳ ಮೇಲೆ 186 ಟಾನ್ಸಿಲ್ ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಶಾಲಾ ವೈದ್ಯಾಧಿಕಾರಿಯು ಬದಲಾದ ಮೇಲೆ 1929ರಲ್ಲಿ ನಡೆದವು ಕೇವಲ 12. ಅದರಿಂದ ಆ ಊರಿನ ಮಕ್ಕಳ ಆರೋಗ್ಯವೇನೂ ಕೆಡಲಿಲ್ಲ.

ಗ್ರಂಥಿಯ ಬೆಲೆ ಅದನ್ನು ಕಳೆದುಕೊಂಡಾಗ ತಿಳಿಯುತ್ತದೆಂಬುದಕ್ಕೂ ಪ್ರಮಾಣಗಳಿವೆ. ಭಾರತೀಯ ಮೂಲದ ವೈದ್ಯರಾದ ಪ್ಯಾರೇ ಓಗ್ರಾ ಅವರು ಅಮೆರಿಕದ ಬಫಲೋ ನಗರದಲ್ಲಿ ನಡೆಸಿದ ಅಧ್ಯಯನವನ್ನು 1971ರಲ್ಲಿ ಪ್ರಕಟಿಸಿದರು. ಪೋಲಿಯೋ ಲಸಿಕೆ ಪಡೆದಿದ್ದ ಮಕ್ಕಳ ಟಾನ್ಸಿಲ್ ಅಡಿನಾಯ್ಡುಗಳನ್ನು ತೆಗೆದ ಮೇಲೆ ಅವರ ಮೂಗು ಗಂಟಲಿನ ಲೋಳೆಯಲ್ಲಿದ್ದ ಪೋಲಿಯೋ ಪ್ರತಿಕಾಯಗಳ ಪ್ರಮಾಣವು ಮೂರು ನಾಲ್ಕು ಪಟ್ಟು ಕುಸಿದಿತ್ತು. ಗ್ರಂಥಿಗಳನ್ನು ಮೊದಲೇ ಕಳೆದುಕೊಂಡಿದ್ದ ಮಕ್ಕಳಲ್ಲಿ ಲಸಿಕೆಯ ಫಲವು ಗಂಟಲಿನಲ್ಲಿ ತಡವಾಗಿಯೂ ಮಂದವಾಗಿಯೂ ಮೂಡಿತು. ಡೆನ್ಮಾರ್ಕಿನಲ್ಲಿ 1979ರಿಂದ 1999ರವರೆಗೆ ಜನಿಸಿದ ಸುಮಾರು 12 ಲಕ್ಷ ಮಂದಿಯ ಆರೋಗ್ಯದ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಹೊರಬಂದ ಅಧ್ಯಯನವು, ಒಂಬತ್ತು ವರುಷದೊಳಗೆ ಟಾನ್ಸಿಲ್ ತೆಗೆಸಿಕೊಂಡವರಲ್ಲಿ ಮುಂದೆ ಮೇಲ್ಶ್ವಾಸಮಾರ್ಗದ ರೋಗಗಳು ಬರುವ ಸಂಭವ ಸುಮಾರು ಎರಡೂಮುಕ್ಕಾಲು ಪಟ್ಟು ಇದ್ದಿತೆಂದು ಎಣಿಸಿತು. ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಮೊದಲೇ ರೋಗಿಷ್ಠರಾಗಿರುವ ಸಂಭವವಿರುವುದರಿಂದ ಈ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಗ್ರಂಥಿ ತೆಗೆಸಿಕೊಂಡವರೆಲ್ಲ ದುರ್ಬಲರಾಗುತ್ತಾರೆಂದು ಯಾರೂ ಭಯಪಡಬೇಕಾಗಿಲ್ಲ. ದೇಹದ ಉಳಿದ ಗ್ರಂಥಿಗಳು ಆ ಹೊರೆಯನ್ನು ಹಂಚಿಕೊಳ್ಳುತ್ತವೆ. ಆದರೆ ಕಾವಲುಗಾರನನ್ನು ಕಾರಣವಿಲ್ಲದೆ ಕಳುಹಿಸಬಾರದೆಂಬ ಮಾತು ಇದರಿಂದ ದೃಢವಾಗುತ್ತದೆ.

ಹಾಗೆಂದು ಶಸ್ತ್ರವನ್ನೇ ನಿಂದಿಸುವುದೂ ವಿವೇಕವಲ್ಲ. ಕಿರುನಾಲಗೆಯ ಊತವನ್ನು ಕೊಯ್ಯುವ ವಿಧಾನವನ್ನು ಹೇಳುವಾಗ ಸುಶ್ರುತಾಚಾರ್ಯರು ಅತಿಯಾಗಿ ಕೊಯ್ದರೆ ರಕ್ತ ಸುರಿದು ಪ್ರಾಣಾಪಾಯವೆಂದೂ, ಕಡಮೆ ಕೊಯ್ದರೆ ಊತ ಮೊದಲಾದ ಉಪದ್ರವಗಳೆಂದೂ ಎಚ್ಚರಿಸಿದ್ದಾರೆ. ಹದವನ್ನು ಅರಿಯುವುದೇ ವೈದ್ಯ. ಅಂತಹ ಹದವನ್ನು ಪಿಟ್ಸ್‌ಬರ್ಗಿನ ಪ್ಯಾರಡೈಸ್ ಎಂಬ ವೈದ್ಯರು 1984ರಲ್ಲಿ ಟಾನ್ಸಿಲಿಗೂ ಗೊತ್ತುಮಾಡಿದರು. ಗಂಟಲಿನ ತೀವ್ರ ಸೋಂಕು ಒಂದು ವರುಷದಲ್ಲಿ ಏಳು ಬಾರಿ, ಇಲ್ಲವೆ ಎರಡು ವರುಷ ಸತತವಾಗಿ ವರುಷಕ್ಕೆ ಐದು ಬಾರಿ, ಇಲ್ಲವೆ ಮೂರು ವರುಷ ಸತತವಾಗಿ ವರುಷಕ್ಕೆ ಮೂರು ಬಾರಿ ಬಂದಿದ್ದು, ಅವೆಲ್ಲವೂ ವೈದ್ಯರ ದಾಖಲೆಯಲ್ಲಿದ್ದರೆ ಮಾತ್ರ ತೆಗೆಯುವ ವಿಚಾರ ಮಾಡಬಹುದು. ಆ ಮಿತಿಯೊಳಗಿರುವ ಮಕ್ಕಳನ್ನು ಕಾದುನೋಡುವುದೇ ಲೇಸು.

ಇನ್ನೊಂದು ಕಾರಣವು ಅಧ್ಯಾಪಕರ ಕಣ್ಣಿಗೇ ಮೊದಲು ಬೀಳತಕ್ಕದ್ದು. ಅಡಿನಾಯ್ಡ್ ಮಿತಿಮೀರಿ ಬೆಳೆದ ಮಗು ಸದಾ ಬಾಯಿ ತೆರೆದು ಉಸಿರಾಡುತ್ತದೆ. ರಾತ್ರಿ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರುಗಟ್ಟಿ ಎಚ್ಚರಗೊಳ್ಳುತ್ತದೆ. ಹಗಲಿನಲ್ಲಿ ತರಗತಿಯಲ್ಲಿ ತೂಕಡಿಸುತ್ತದೆ. ಕಿವಿಯ ನಾಳ ಮುಚ್ಚಿಕೊಂಡು ನಡುಗಿವಿಯಲ್ಲಿ ನೀರು ನಿಂತರೆ ಕರೆದದ್ದು ಕೇಳಿಸುವುದಿಲ್ಲ. ಇಂತಹ ಮಗುವನ್ನು ಮಂದಮತಿಯೆಂದೂ ಉಡಾಫೆಯವನೆಂದೂ ಹಿಂದಿನ ಬೆಂಚಿಗೆ ತಳ್ಳುವುದು ವಿದ್ಯಾಲಯದಲ್ಲಿ ನಡೆಯಬಾರದ ಅನ್ಯಾಯ. 5ರಿಂದ 9 ವರುಷದ 464 ಮಕ್ಕಳನ್ನು ಒಳಗೊಂಡು ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದ ಮಕ್ಕಳ ಪೈಕಿ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇಕಡಾ 79 ಮಂದಿಯ ನಿದ್ರೆ ಸರಿಹೋಯಿತು, ನಡವಳಿಕೆಯೂ ಸುಧಾರಿಸಿತು. ಕಾದುನೋಡಿದ ಗುಂಪಿನಲ್ಲಿ ಶೇಕಡಾ 46 ಮಂದಿಯ ನಿದ್ರೆ ಏಳು ತಿಂಗಳಲ್ಲಿ ತಾನಾಗಿಯೇ ಸರಿಹೋಗಿತ್ತು. ಈ ಎರಡು ಅಂಕಿಗಳನ್ನು ಜೊತೆಯಾಗಿ ಓದಿದವರಿಗೆ ಶಸ್ತ್ರದ ಉಪಯೋಗವೂ ತಿಳಿಯುತ್ತದೆ, ತಾಳ್ಮೆಯ ಬೆಲೆಯೂ ತಿಳಿಯುತ್ತದೆ.

ಔಷಧಿಯ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಮಕ್ಕಳ ಗಂಟಲುನೋವಿನಲ್ಲಿ ಬಹುಪಾಲು ವೈರಾಣುಗಳಿಂದ ಬರುವಂಥದು. ಆಂಟಿಬಯಾಟಿಕ್ ಮಾತ್ರೆಗಳು ಅವನ್ನು ಮುಟ್ಟಲಾರವು. ಅಂಗಡಿಯಿಂದ ತಾವಾಗಿಯೇ ಮಾತ್ರೆ ತಂದು ನುಂಗಿಸುವುದರಿಂದ ಮಗುವಿಗೆ ಲಾಭವಿಲ್ಲದಿರುವುದು ಹಾಗಿರಲಿ, ನಿಜವಾಗಿ ಬೇಕಾದಾಗ ಅದೇ ಮಾತ್ರೆ ಕೆಲಸ ಮಾಡದೆ ಹೋಗುವ ಅಪಾಯವಿದೆ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲುಬೇನೆಯನ್ನು ಅಲಕ್ಷಿಸಿದರೆ ಕೀಲುವಾತವೂ ಹೃದಯದ ಕವಾಟಗಳ ರೋಗವೂ ಬೆನ್ನುಹತ್ತಬಹುದು. ಜ್ವರ ಬಲವಾಗಿದ್ದು ನುಂಗಲಾರದ ಮಗುವನ್ನು ವೈದ್ಯರ ಬಳಿಗೆ ಕಳುಹಿಸುವುದೇ ಸರಿಯಾದ ದಾರಿ. ಮನೆಮದ್ದಿನ ಹಟವೂ ಬೇಡ, ಮಾತ್ರೆಯ ಹುಚ್ಚೂ ಬೇಡ.

ಈ ಜ್ಞಾನದಿಂದ ವಿದ್ಯಾಸಂಸ್ಥೆಗಳಿಗೆ ಒದಗುವ ಕರ್ತವ್ಯವೇನು? ಮೊದಲನೆಯದಾಗಿ, ಪೂರ್ಣ ಹಾಜರಿಗೆ ಬಹುಮಾನ ಕೊಡುವ ಪದ್ಧತಿಯನ್ನು ಪುನರಾಲೋಚಿಸಬೇಕು. ಬಹುಮಾನದ ಆಸೆಗೆ ಜ್ವರದ ಮೈಯಲ್ಲಿಯೇ ಶಾಲೆಗೆ ಬಂದು ಕುಳಿತ ಮಗು ತನ್ನ ದೇಹದ ದುಡಿಮೆಗೆ ಬೇಕಾದ ವಿಶ್ರಾಂತಿಯನ್ನು ಕಳೆದುಕೊಳ್ಳುತ್ತದೆ, ನೆರೆಯ ನಾಲ್ವರಿಗೆ ರೋಗವನ್ನೂ ಹಂಚುತ್ತದೆ. ನಿಷ್ಠೆಯನ್ನು ಅಳೆಯಲು ಬೇರೆ ಮಾನದಂಡಗಳು ಬೇಕಾದಷ್ಟಿವೆ. ಎರಡನೆಯದಾಗಿ ಅನ್ನದ ವಿಚಾರ. ಪೌಷ್ಟಿಕ ಆಹಾರವಿಲ್ಲದ ಮಗುವಿನ ಥೈಮಸ್ ಕುಗ್ಗುತ್ತದೆ, ರೋಗನಿರೋಧಕ ಶಕ್ತಿ ಉಡುಗುತ್ತದೆ. ಶ್ರೀಮಠಗಳ ಪ್ರಸಾದನಿಲಯಗಳಲ್ಲಿ ಬಡಮಕ್ಕಳಿಗೆ ಎರಡು ಹೊತ್ತು ಬಡಿಸುವ ಅನ್ನದ ಜೊತೆಗೆ ಬೇಳೆಕಾಳು, ಸೊಪ್ಪು, ಹಾಲು ಮಜ್ಜಿಗೆಗಳೂ ಸೇರಿದಾಗ ಅದು ಹಸಿವಿನ ಪರಿಹಾರದೊಡನೆ ರೋಗದ ಎದುರಿನ ರಕ್ಷಾಕವಚವೂ ಆಗುತ್ತದೆ. ದಾಸೋಹಕ್ಕೆ ಶರಣರು ಕೊಟ್ಟ ಹಿರಿಮೆಯನ್ನು ಇಂದಿನ ವಿಜ್ಞಾನವು ಈ ಬಗೆಯಲ್ಲಿಯೂ ಸಮರ್ಥಿಸುತ್ತದೆಂದರೆ ತಪ್ಪಾಗಲಾರದು.

ಮೂರನೆಯದು ಲಸಿಕೆ. ಪಾಠವನ್ನು ರೋಗದಿಂದಲೇ ಕಲಿಯಬೇಕೆಂಬ ನಿರ್ಬಂಧವೇನೂ ಮಗುವಿನ ದೇಹಕ್ಕಿಲ್ಲ. ಪ್ರಾಣಾಪಾಯವಿಲ್ಲದೆ ಅದೇ ಪಾಠವನ್ನು ಕಲಿಸುವ ಉಪಾಯವೇ ಲಸಿಕೆ. ಶ್ವಾಸಮಾರ್ಗದಿಂದ ಒಳಹೊಗುವ ದಡಾರದ ವೈರಾಣುವು ಈ ಸ್ಮೃತಿಕಣಗಳನ್ನೇ ಬೇಟೆಯಾಡುತ್ತದೆ. ಲಸಿಕೆ ಪಡೆಯದೆ ದಡಾರಕ್ಕೆ ತುತ್ತಾದ ನೆದರ್ಲೆಂಡಿನ 77 ಮಕ್ಕಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಅವರಲ್ಲಿ ಹಿಂದಿನ ಸೋಂಕುಗಳ ವಿರುದ್ಧ ಸಂಗ್ರಹವಾಗಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟು ನಾಶವಾಗಿದ್ದವೆಂದು ತೋರಿಸಿತು. ವರುಷಗಟ್ಟಲೆ ಕಲಿತದ್ದನ್ನು ಒಂದು ಜ್ವರವು ಅಳಿಸಿಹಾಕುವುದೆಂದರೆ ಅದಕ್ಕಿಂತ ದೊಡ್ಡ ನಷ್ಟವಾವುದು? ಶಾಲೆಗೆ ಸೇರಿಸಿಕೊಳ್ಳುವಾಗ ಜನನ ಪತ್ರವನ್ನು ಕೇಳುವಷ್ಟೇ ನಿಷ್ಠೆಯಿಂದ ಲಸಿಕೆಯ ಚೀಟಿಯನ್ನೂ ಕೇಳಿ ನೋಡಿ, ಬಿಟ್ಟುಹೋದುದನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಳ್ಳುವಂತೆ ಪಾಲಕರಿಗೆ ತಿಳಿಹೇಳುವುದು ಮುಖ್ಯಾಧ್ಯಾಪಕರ ಕರ್ತವ್ಯಗಳಲ್ಲಿ ಒಂದಾಗಬೇಕು.

ಕೊನೆಯದು ಗಾಳಿ ಬೆಳಕಿನ ಮಾತು. ಇದು ದಾನಿಗಳ ಲಕ್ಷ್ಯಕ್ಕೆ ಬರತಕ್ಕದ್ದು. ಉದಾರಿಗಳು ವಿದ್ಯಾಸಂಸ್ಥೆಗಳಿಗೆ ಕೊಡುಗೆ ಕೊಡುವಾಗ ಮಹಾದ್ವಾರ, ಸಭಾಭವನ, ಅಮೃತಶಿಲೆಯ ಫಲಕಗಳ ಕಡೆಗೆ ಮನಸ್ಸು ಹರಿಯುವುದು ಸಹಜವೇ ಆಗಿದೆ. ಆದರೆ ಅರವತ್ತು ಎಪ್ಪತ್ತು ಮಕ್ಕಳು ಉಸಿರಾಡುವ ಕೊಠಡಿಗೆ ಎದುರುಬದುರಾಗಿ ತೆರೆಯುವ ಕಿಟಕಿಗಳು, ಕೈತೊಳೆಯಲು ಸಾಲು ನಲ್ಲಿಗಳು, ವಸತಿನಿಲಯದಲ್ಲಿ ಹಾಸಿಗೆ ಹಾಸಿಗೆಗಳ ನಡುವೆ ಮಾರು ದೂರದ ತೆರಪು, ಜ್ವರ ಬಂದ ಮಗುವನ್ನು ಎರಡು ದಿನ ಮಲಗಿಸಿ ಗಂಜಿ ಕುಡಿಸಲು ಒಂದು ಆರೈಕೆಯ ಕೊಠಡಿ, ಅಡುಗೆಮನೆಯ ಹೊಗೆ ಮಕ್ಕಳ ಕಡೆಗೆ ನುಗ್ಗದಂತೆ ಒಂದು ಎತ್ತರದ ಹೊಗೆಗೂಡು ಇವು ಯಾವ ಮಹಾದ್ವಾರಕ್ಕೂ ಕಡಮೆಯಾದ ದಾನಗಳಲ್ಲ. ಒಮ್ಮೆಗೇ ವೈರಾಣುಗಳ ಮಹಾಪೂರ ಬಂದು ಅಪ್ಪಳಿಸಿದರೆ ಎಂತಹ ಕಾವಲೂ ಸೋಲಬಹುದು. ಆ ಪೂರದ ರಭಸವನ್ನು ತಗ್ಗಿಸುವುದು ಹಿರಿಯರ ಕೈಯಲ್ಲಿದೆ.

ಪ್ರಕೃತಿಯು ಪ್ರತಿಯೊಂದು ಮಗುವಿನ ಗಂಟಲಿನಲ್ಲಿ ಕಾವಲಿಟ್ಟೇ ಕಳುಹಿಸಿದೆ. ಆ ಕಾವಲಿನ ಗಾತ್ರವನ್ನು ಕಂಡು ಅಂಜದೆ, ಅದರ ದುಡಿಮೆಗೆ ಬೇಕಾದ ಅನ್ನ, ಗಾಳಿ, ವಿಶ್ರಾಂತಿ, ಲಸಿಕೆಗಳನ್ನು ಸಕಾಲದಲ್ಲಿ ಒದಗಿಸಿ, ನಿಜವಾಗಿ ತೊಡಕಾದಲ್ಲಿ ಮಾತ್ರ ಬಲ್ಲ ವೈದ್ಯರ ಸಲಹೆಯಂತೆ ನಡೆಯುವುದು ಪಾಲಕರಿಗೂ ಅಧ್ಯಾಪಕರಿಗೂ ಸಮಾನವಾದ ಧರ್ಮ. ಅಕ್ಷರವನ್ನು ಕಲಿಸುವ ಆಲಯದಲ್ಲಿ ಉಸಿರಿಗೂ ಅಷ್ಟೇ ಗೌರವ ದೊರೆಯುವಂತಾಗಲಿ.